ಬಾಕ್ಸರ್ ಮೈಕ್ ಟೈಸನ್‌ಗೆ ಸಿಕ್ಕ ಹೆಸರು ಜಾಸ್ತಿಯಾಯ್ತಾ? ಪರ–ವಿರೋಧ

ಪರ: ಹೌದು, ತುಂಬಾನೇ ಜಾಸ್ತಿಯಾಯ್ತು

ನಮ್ಮ ಕಡೆ ಯಾವುದಾದರೂ ಬೀದಿಯಲ್ಲಿ ನಿಂತು 'ಟೈಸನ್' ಎಂದು ಕೂಗಿ ನೋಡಿ. ಒಂದು ನಾಯಿಯಾದರೂ ಓಡಿ ಬರುತ್ತದೆ. ಬಾಕ್ಸಿಂಗ್ ಮುಖವನ್ನೇ ನೋಡದವರ ಮನೆಯ ನಾಯಿಗೂ ಅದೇ ಹೆಸರು. ಹೋಲಿಫೀಲ್ಡ್ ಎಂದು ಯಾರೂ ನಾಯಿಗೆ ಹೆಸರಿಡುವುದಿಲ್ಲ. ಆದರೆ ಆ ಇವಾಂಡರ್ ಹೋಲಿಫೀಲ್ಡ್ ಎಂಬ ಬಾಕ್ಸರ್ ಟೈಸನ್ ವಿರುದ್ಧ ಎರಡು ಸಲ ಆಡಿ ಎರಡೂ ಸಲ ಗೆದ್ದ. ಹೆಸರು ಒಬ್ಬನಿಗೆ, ಗೆಲುವು ಇನ್ನೊಬ್ಬನಿಗೆ. ನನ್ನ ತಕರಾರು ಇರುವುದೇ ಇಲ್ಲಿ.

ಟೈಸನ್ ಕೆಟ್ಟ ಬಾಕ್ಸರ್ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವನು ಬಾಕ್ಸಿಂಗ್ ನೋಡಿಯೇ ಇಲ್ಲ ಎಂದರ್ಥ. 1986ರ ನವೆಂಬರ್‌ನಲ್ಲಿ ಟ್ರೆವರ್ ಬರ್ಬಿಕ್‌ನನ್ನು ಎರಡೇ ರೌಂಡಿನಲ್ಲಿ ಮುಗಿಸಿ, 20ನೇ ವಯಸ್ಸಿಗೆ ಹೆವಿವೇಟ್ (ಅತಿ ಹೆಚ್ಚು ತೂಕದವರ ವಿಭಾಗ) ಚಾಂಪಿಯನ್ ಆದ. ಅಷ್ಟು ಚಿಕ್ಕ ವಯಸ್ಸಿಗೆ ಬೇರೆ ಯಾರೂ ಆಗಿಲ್ಲ. ಒಪ್ಪಿದೆ. ಆದರೆ ಜನ ಅಲ್ಲಿಗೆ ನಿಲ್ಲಿಸುವುದಿಲ್ಲವಲ್ಲ. ಮುಹಮ್ಮದ್ ಅಲಿ, ಜೋ ಲೂಯಿಸ್‌ರಂಥ ಹಳೆಯ ಚಾಂಪಿಯನ್‌ಗಳ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. 'ಫಾರ್ಮ್‌ನಲ್ಲಿದ್ದ ಟೈಸನ್ ಅಲಿಯನ್ನೂ ಮಲಗಿಸುತ್ತಿದ್ದ' ಎನ್ನುವವರೂ ಇದ್ದಾರೆ. ನನ್ನ ಜಗಳ ಇವರ ಜೊತೆ.

ಇವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಟೈಸನ್ ಕೆಳಗೆ ಬಿದ್ದು, ಎದ್ದು, ಆಮೇಲೆ ಗೆದ್ದ ಒಂದು ಪಂದ್ಯ ತೋರಿಸಿ. ಇಡೀ ವೃತ್ತಿಯಲ್ಲಿ ಒಂದು.

ಇಲ್ಲ. ಒಂದೂ ಇಲ್ಲ.

ಜೋ ಲೂಯಿಸ್ 1939ರಲ್ಲಿ ಟೋನಿ ಗ್ಯಾಲೆಂಟೊ ಹೊಡೆತಕ್ಕೆ ಬಿದ್ದ, ಎದ್ದ, ಮುಂದಿನ ರೌಂಡಿನಲ್ಲೇ ಅವನನ್ನು ಮುಗಿಸಿದ. ಅಲಿ 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್‌ನ ಎಡಗೈ ಹುಕ್ (ಪಕ್ಕದಿಂದ ಬೀಸುವ ಗುದ್ದು) ತಿಂದು ಕೂತುಬಿಟ್ಟ, ಎದ್ದು ಬಂದು ಗೆದ್ದ. ಲ್ಯಾರಿ ಹೋಮ್ಸ್ 1979ರಲ್ಲಿ ಅರ್ನಿ ಶೇವರ್ಸ್‌ನಂಥ ರಾಕ್ಷಸನ ಬಲಗೈ ಏಟಿಗೆ ಅಂಗಾತ ಬಿದ್ದ, ಎದ್ದ, ಗೆದ್ದ. ದೊಡ್ಡವರು ಎಂದು ನಾವು ಕರೆಯುವವರೆಲ್ಲ ಈ ಪರೀಕ್ಷೆ ಪಾಸಾದವರೇ. ಗುದ್ದುವುದು ಅರ್ಧ ಕೆಲಸ. ಗುದ್ದಿಸಿಕೊಂಡ ಮೇಲೆ ಏನು ಮಾಡುತ್ತೀಯ ಎನ್ನುವುದು ಇನ್ನರ್ಧ. ಟೈಸನ್‌ಗೆ ಆ ಇನ್ನರ್ಧ ಬರಲಿಲ್ಲ.

ಟೋಕಿಯೊ ಪಂದ್ಯ ನೋಡಿ. 1990ರ ಫೆಬ್ರವರಿ 11, ಟೋಕಿಯೊ ಡೋಮ್. ಎದುರಿಗೆ ಬಸ್ಟರ್ ಡಗ್ಲಸ್. ಲಾಸ್ ವೇಗಸ್‌ನಲ್ಲಿ ಡಗ್ಲಸ್ ಮೇಲೆ 42ಕ್ಕೆ 1ರ ಬಾಜಿ, ಅಂದರೆ ಅವನು ಗೆಲ್ಲುತ್ತಾನೆ ಎಂದು ಯಾರಿಗೂ ಕನಸಿನಲ್ಲೂ ಬಂದಿರಲಿಲ್ಲ. ಆ ಮನುಷ್ಯನ ತಾಯಿ ತೀರಿಕೊಂಡು ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅವನು ಉದ್ದ ಕೈಯಿಂದ ಜಾಬ್ (ಮುಂಗೈಯ ನೇರ, ಚುರುಕು ಗುದ್ದು) ಮೇಲೆ ಜಾಬ್ ಹಾಕಿ ಟೈಸನ್‌ನ ಎಡಗಣ್ಣು ಮುಚ್ಚಿಹೋಗುವಂತೆ ಮಾಡಿದ. ಊತ ಇಳಿಸಲು ಒತ್ತುವ ತಣ್ಣನೆಯ ಲೋಹದ ತುಂಡು ಸಾಮಾನ್ಯವಾಗಿ ಎಲ್ಲ ಬಾಕ್ಸರ್‌ಗಳ ಕಾರ್ನರ್‌ನಲ್ಲೂ (ರಿಂಗಿನ ಮೂಲೆಯಲ್ಲಿರುವ ಸಹಾಯಕರ ಬಳಿ) ಇರುತ್ತದೆ. ಟೈಸನ್ ಕಾರ್ನರ್‌ನಲ್ಲಿ ಅದೂ ಇರಲಿಲ್ಲ. ರಬ್ಬರ್ ಗ್ಲೋವ್ ಒಂದಕ್ಕೆ ಐಸ್ ನೀರು ತುಂಬಿ ಕಣ್ಣಿಗೆ ಹಿಡಿದರು! ಜಗತ್ತಿನ ಹೆವಿವೇಟ್ ಚಾಂಪಿಯನ್‌ನ ತಯಾರಿ ಇದು. ಎಂಟನೇ ರೌಂಡಿನ ಕೊನೆಯಲ್ಲಿ ಟೈಸನ್‌ನ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಬರುವ ಗುದ್ದು) ಡಗ್ಲಸ್ ಬಿದ್ದ. ಎದ್ದ. ಹತ್ತನೇ ರೌಂಡಿನಲ್ಲಿ ಟೈಸನ್ ಬಿದ್ದ. ಅಂಬೆಗಾಲಿಟ್ಟುಕೊಂಡು ಮೌತ್‌ಪೀಸ್ (ಹಲ್ಲಿನ ರಕ್ಷಾ ಕವಚ) ತಡಕಾಡಿ, ಅದರ ಒಂದು ತುದಿ ಮಾತ್ರ ಹಲ್ಲಿಗೆ ಸಿಕ್ಕಿ ಇನ್ನೊಂದು ತುದಿ ಹೊರಗೆ ನೇತಾಡುತ್ತಿರುವಾಗಲೇ ಏಳಲು ನೋಡಿದ. ಅಷ್ಟರಲ್ಲಿ ರೆಫರಿ ತಬ್ಬಿ ಹಿಡಿದು ಪಂದ್ಯ ಮುಗಿಸಿದ.

'ಎಂಟನೇ ರೌಂಡಿನಲ್ಲಿ ರೆಫರಿ ನಿಧಾನವಾಗಿ ಎಣಿಸಿದ' ಎಂದು ಇವತ್ತಿಗೂ ಅಳುವವರಿದ್ದಾರೆ. ರೆಫರಿ ಹತ್ತು ಎಣಿಸುವುದರೊಳಗೆ, ಅವನ ಎಣಿಕೆ ನೋಡಿಕೊಂಡು ಏಳುವುದು ಬಾಕ್ಸರ್‌ನ ಕೆಲಸ. ಡಗ್ಲಸ್ ಒಂಬತ್ತಕ್ಕೆ ಎದ್ದ. ಅವನೇನು ಕೈಗಡಿಯಾರ ಕಟ್ಟಿಕೊಂಡು ರಿಂಗಿಗೆ ಇಳಿದಿದ್ದನಾ?

ಆಗ ಬರುತ್ತದೆ ಇವರ ಬ್ರಹ್ಮಾಸ್ತ್ರ. 'ಅದು ಪ್ರೈಮ್ ಟೈಸನ್ (ಉತ್ತುಂಗದಲ್ಲಿದ್ದ ಕಾಲದ ಟೈಸನ್) ಅಲ್ಲ ಬಿಡಿ.' ಟೋಕಿಯೊದಲ್ಲಿ ಅವನ ವಯಸ್ಸು 23. ಇಪ್ಪತ್ತಮೂರು! ಹೋಲಿಫೀಲ್ಡ್ ಜೊತೆ 1996ರಲ್ಲಿ ಸೋತಾಗ 30. ಅದೂ ಪ್ರೈಮ್ ಅಲ್ಲ, ಇದೂ ಅಲ್ಲ. ಹಾಗಾದರೆ ಯಾವುದಪ್ಪಾ? ಗೆದ್ದಾಗಲೆಲ್ಲ ಪ್ರೈಮ್, ಸೋತಾಗ ಅಲ್ಲ. ಇಂಥ ಲೆಕ್ಕದಲ್ಲಿ ನಾನೂ ಚಾಂಪಿಯನ್ನೇ. ಅಲಿಯನ್ನು ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ 25ನೇ ವಯಸ್ಸಿನಿಂದ ಮೂರೂವರೆ ವರ್ಷ ರಿಂಗಿನಿಂದ ಹೊರಗಿಟ್ಟರು. ತಿರುಗಿ ಬಂದು, 1974ರಲ್ಲಿ, 32ನೇ ವಯಸ್ಸಿನಲ್ಲಿ, ಕಿನ್ಷಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಕೆಡವಿದ. ಟೈಸನ್ ಮೂರು ವರ್ಷ ಜೈಲಿನಲ್ಲಿದ್ದದ್ದು ನಿಜ. ಆದರೆ ಅದು ಅತ್ಯಾಚಾರದ ಅಪರಾಧಕ್ಕೆ, 1992ರಲ್ಲಿ ನ್ಯಾಯಾಲಯ ಕೊಟ್ಟ ಶಿಕ್ಷೆ. ಅದನ್ನು ಇವನಿಗೆ ಆದ ಅನ್ಯಾಯದ ಹಾಗೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನು ಯಾರನ್ನು ಸೋಲಿಸಿದ ಎನ್ನುವ ಮಾತು. ಹೋಮ್ಸ್ ಹೆಸರು ಹೇಳುತ್ತಾರೆ. 1988ರ ಜನವರಿಯಲ್ಲಿ ಹೋಮ್ಸ್‌ಗೆ 38 ವರ್ಷ, ರಿಂಗಿಗೆ ಇಳಿದು ಒಂದೂಮುಕ್ಕಾಲು ವರ್ಷ ಆಗಿತ್ತು, ದೊಡ್ಡ ಚೆಕ್ ನೋಡಿ ಬಂದಿದ್ದ. ಮೈಕಲ್ ಸ್ಪಿಂಕ್ಸ್ ಹೆಸರು ಹೇಳುತ್ತಾರೆ. ಅವನು ಕಡಿಮೆ ತೂಕದ ಲೈಟ್ ಹೆವಿವೇಟ್ ವಿಭಾಗದಿಂದ ಮೈ ಬೆಳೆಸಿಕೊಂಡು ಬಂದವನು. ರಿಂಗಿಗೆ ನಡೆದು ಬರುವಾಗಲೇ ಅವನ ಮುಖದಲ್ಲಿ ಸೋಲು ಕಾಣುತ್ತಿತ್ತು. 91 ಸೆಕೆಂಡಿಗೆ ಮುಗಿಯಿತು. ಉಳಿದವರ ಹೆಸರು ನಿಮಗೆ ಎಷ್ಟು ನೆನಪಿದೆ? ಟೋನಿ ಟಬ್ಸ್? ಕಾರ್ಲ್ ವಿಲಿಯಮ್ಸ್? ಒಟ್ಟು ಒಂಬತ್ತು ಸಲ ಪಟ್ಟ ಉಳಿಸಿಕೊಂಡ. ಲೂಯಿಸ್ ಉಳಿಸಿಕೊಂಡಿದ್ದು 25 ಸಲ. ಒಂಬತ್ತೆಲ್ಲಿ, ಇಪ್ಪತ್ತೈದೆಲ್ಲಿ!

ಗಟ್ಟಿ ಎದುರಾಳಿ ಬಂದಾಗ ಏನಾಯಿತು? ಹೋಲಿಫೀಲ್ಡ್ 11ನೇ ರೌಂಡಿನಲ್ಲಿ ಮುಗಿಸಿದ. 1997ರ ಜೂನ್‌ನಲ್ಲಿ ಮತ್ತೆ ಎದುರಾದಾಗ ಟೈಸನ್ ಅವನ ಕಿವಿ ಕಚ್ಚಿ ಅನರ್ಹನಾದ. 1996ರಲ್ಲಿ ಲೆನಾಕ್ಸ್ ಲೂಯಿಸ್ ಜೊತೆ ಆಡಬೇಕಾಗಿ ಬಂದಾಗ ಡಬ್ಲ್ಯುಬಿಸಿ ಸಂಸ್ಥೆಯ ಚಾಂಪಿಯನ್ ಬೆಲ್ಟನ್ನೇ ಬಿಟ್ಟುಕೊಟ್ಟ. ಕೊನೆಗೆ 2002ರಲ್ಲಿ ಮೆಂಫಿಸ್‌ನಲ್ಲಿ ಅದೇ ಲೂಯಿಸ್ ಕೈಯಲ್ಲಿ ಎಂಟನೇ ರೌಂಡಿನಲ್ಲಿ ನಾಕೌಟ್.

ಆದರೂ ಹೆಸರಿಗೆ ಏನೂ ಆಗಲಿಲ್ಲ. 2024ರ ನವೆಂಬರ್‌ನಲ್ಲಿ, 58ನೇ ವಯಸ್ಸಿನಲ್ಲಿ, ಯೂಟ್ಯೂಬ್‌ನಿಂದ ಬಂದ ಜೇಕ್ ಪೌಲ್ ಎದುರು ನಿಂತಾಗ ಕೋಟಿಗಟ್ಟಲೆ ಜನ ನೆಟ್‌ಫ್ಲಿಕ್ಸ್ ಮುಂದೆ ಕೂತರು. ಎರಡೆರಡು ನಿಮಿಷದ ಎಂಟು ರೌಂಡು, ಟೈಸನ್ ಕೈ ಎತ್ತಿದ್ದೇ ಅಪರೂಪ. ಮರುದಿನ ನನ್ನ ಆಫೀಸಿನಲ್ಲಿ ಒಬ್ಬರು ಹೇಳಿದ್ದು, 'ಪಾಪ, ಬೇಕಂತಲೇ ಬಿಟ್ಟುಕೊಟ್ಟ ಕಣ್ರೀ'. ಇನ್ನು ಇವರಿಗೆ ಏನು ಹೇಳುವುದು ಹೇಳಿ.

ವಿರೋಧ: ಹೆಸರು ಜಾಸ್ತಿಯಲ್ಲ, ತಪ್ಪು ಕಾರಣಕ್ಕೆ ಬಂತು

ಈ ಕಡೆಯನ್ನು ನಾನು ಕೇಳಿ ಪಡೆದದ್ದಲ್ಲ. ಯಾರಾದರೂ ಟೈಸನ್ ಪರ ಬರೆಯಬೇಕಲ್ಲ, ನೀವೇ ಬರೀರಿ ಅಂದರು, ಹೂಂ ಅಂದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅಲಿ, ಜೋ ಲೂಯಿಸ್, ಹೋಮ್ಸ್ ಎಲ್ಲರಿಗಿಂತ ಟೈಸನ್ ದೊಡ್ಡವನು ಎಂದು ನಾನೂ ಹೇಳುವುದಿಲ್ಲ. ಹೋಲಿಫೀಲ್ಡ್‌ಗಿಂತ ದೊಡ್ಡವನಾ ಅಂದರೂ ಸ್ವಲ್ಪ ಯೋಚನೆ ಮಾಡಿ ಅಲ್ಲ ಎನ್ನುತ್ತೇನೆ. ಆದರೆ ಅವನಿಗೆ ಬಂದ ಹೆಸರೆಲ್ಲ ಪೊಳ್ಳು ಎಂದರೆ ಒಪ್ಪುವುದು ಕಷ್ಟ.

ಎದುರು ಬರೆದವರು ಹೋಮ್ಸ್ ವಿಷಯವನ್ನು ಎರಡು ಸಾಲಿನಲ್ಲಿ ದಾಟಿಬಿಟ್ಟಿದ್ದಾರೆ. ಮುದುಕ, ಚೆಕ್ಕಿಗೆ ಬಂದ, ಮುಗಿಯಿತು. ಆ ಮುದುಕ ಅದಾದ ಮೇಲೆ ಎಷ್ಟು ವರ್ಷ ಆಡಿದ ಗೊತ್ತಾ? 2002ರವರೆಗೆ! 1992ರಲ್ಲಿ ಇದೇ ಹೋಲಿಫೀಲ್ಡ್ ಜೊತೆ ಪೂರ್ತಿ 12 ರೌಂಡು ನಿಂತ. ಒಟ್ಟು 75 ಪಂದ್ಯ ಆಡಿದ ಹೋಮ್ಸ್‌ನನ್ನು ನಾಕೌಟ್ ಮಾಡಿದವನು ಒಬ್ಬನೇ, ಅದು ಟೈಸನ್, ನಾಲ್ಕನೇ ರೌಂಡಿನಲ್ಲಿ. ಸ್ಪಿಂಕ್ಸ್ ಅಷ್ಟು ದಿನ ಒಂದೂ ಪಂದ್ಯ ಸೋತವನಲ್ಲ, ಹೋಮ್ಸ್‌ನನ್ನೇ ಎರಡು ಸಲ ಸೋಲಿಸಿದ್ದ. ಟೈಸನ್ ಜೊತೆ ಆಡಿದ ಮೇಲೆ ಮತ್ತೆ ರಿಂಗಿಗೇ ಬರಲಿಲ್ಲ. ಬಿದ್ದು ಎದ್ದು ಗೆದ್ದಿಲ್ಲ ಎನ್ನುವ ವಾದ ಬಹಳ ಜೋರಾಗಿ ಮಾಡಿದ್ದಾರೆ. ಅಲ್ಲ ಸ್ವಾಮಿ, ಮೊದಲ 37 ಪಂದ್ಯದಲ್ಲಿ ಅವನನ್ನು ಬೀಳಿಸಲು ಯಾರಿಗೂ ಆಗಲೇ ಇಲ್ಲ. ಬೀಳದವನು ಏಳುವುದು ಹೇಗೆ?

ಇದಕ್ಕಿಂತ ಮುಖ್ಯವಾದ ವಿಷಯ ನನಗೆ ಗೊತ್ತಾಗಿದ್ದು ಓದಿ ಅಲ್ಲ.

ನಲವತ್ತು ಹತ್ತಿರ ಬಂದಾಗ ಡಾಕ್ಟರು ತೂಕ ಇಳಿಸಿ ಅಂದರು. ವಾಕಿಂಗ್ ಬೇಜಾರು. ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರ ಒಂದು ಜಿಮ್‌ನ ಮಹಡಿಯಲ್ಲಿ ಸಂಜೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದರು, ಹೋಗಿ ಸೇರಿಕೊಂಡೆ. ನನ್ನ ತಲೆಯಲ್ಲಿ ಇದ್ದದ್ದು ಟೈಸನ್‌ನ ನಾಕೌಟ್ ವಿಡಿಯೋಗಳೇ. ಹೋದ ತಕ್ಷಣ ಬ್ಯಾಗ್ ಹೊಡೆಯಬಹುದು ಅಂದುಕೊಂಡಿದ್ದೆ. ಕೋಚ್ ಮೊದಲ ವಾರ ಬ್ಯಾಗ್ ಹತ್ತಿರ ಬಿಡಲೇ ಇಲ್ಲ. ಆ ಗೋಡೆಯಿಂದ ಈ ಗೋಡೆಗೆ, ಹೆಗಲೆತ್ತರಕ್ಕೆ, ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಟ್ಟಿದ್ದರು. ಕೈ ಎರಡೂ ಕೆನ್ನೆಗೆ ಅಂಟಿಸಿಕೊಂಡು, ಹಗ್ಗದ ಕೆಳಗೆ ತಲೆ ತೂರಿಸಿ ಈ ಕಡೆ ಏಳಬೇಕು. ಒಂದು ಹೆಜ್ಜೆ ಮುಂದೆ. ಮತ್ತೆ ತೂರಿ ಆ ಕಡೆ. ಸೊಂಟದಿಂದ ಬಗ್ಗಬಾರದು, ಮೊಣಕಾಲಿನಿಂದ ಇಳಿಯಬೇಕು. ಹಗ್ಗ ಕತ್ತಿಗೆ ತಾಗಬಾರದು. ಎರಡು ನಿಮಿಷಕ್ಕೆ ತೊಡೆ ಉರಿಯಲು ಶುರು. ನಾಲ್ಕನೇ ನಿಮಿಷಕ್ಕೆ ಹಗ್ಗವೇ ನನ್ನ ಕತ್ತಿನಲ್ಲಿ ಹಾರದ ಹಾಗೆ ನೇತಾಡುತ್ತಿತ್ತು.

ಕೆಲವು ತಿಂಗಳ ಮೇಲೆ, ನಿಧಾನವಾಗಿ ಆಡಿ ಎಂದು ಹೇಳಿ, ಒಬ್ಬ ಕಾಲೇಜು ಹುಡುಗಿಯ ಎದುರು ನಿಲ್ಲಿಸಿದರು. ನನ್ನ ತೂಕದಲ್ಲಿ ಅರ್ಧ ಇದ್ದಿರಬಹುದು. ನಾನು ಟೈಸನ್ ತರಹ ಕುಗ್ಗಿ ತೂಗಾಡುತ್ತಾ ಒಳಗೆ ನುಗ್ಗಿದೆ. ಪ್ರತಿ ಸಲ ತಗ್ಗಿದಾಗಲೂ ಅವಳ ಅಪ್ಪರ್‌ಕಟ್ ಸರಿಯಾಗಿ ಮೂಗಿಗೆ. ಕುಗ್ಗುವಾಗ ನನ್ನ ಕಣ್ಣು ಅವಳ ಶೂ ನೋಡುತ್ತಿತ್ತು. 'ಅಂಕಲ್, ನೆಲ ನೋಡಬೇಡಿ, ನನ್ನ ಎದೆ ಮಟ್ಟಕ್ಕೆ ನೋಡಿ' ಎಂದು ಅವಳೇ ಹೇಳಿಕೊಟ್ಟಳು, ಹೊಡೆಯುತ್ತಲೇ. ಮನೆಗೆ ಹೋದರೆ ಹೆಂಡತಿ ಮೂಗು ನೋಡಿ ನಕ್ಕಿದ್ದು ಬೇರೆ ಕಥೆ.

ಆಮೇಲೆ ಟೈಸನ್‌ನ ಹಳೇ ಪಂದ್ಯಗಳನ್ನು ಮತ್ತೆ ನೋಡಿದೆ, ಈ ಸಲ ಕೈ ಬಿಟ್ಟು ತಲೆ ಮಾತ್ರ. 5 ಅಡಿ 10 ಇಂಚಿನ ಮನುಷ್ಯ. ಎದುರಿಗೆ ನಿಲ್ಲುತ್ತಿದ್ದವರು ಹೆಚ್ಚಿನವರು ಅವನಿಗಿಂತ ಎತ್ತರ, ಕೈಯೂ ಉದ್ದ. ಅವನು ಹತ್ತಿರ ಹೋಗದೆ ಹೊಡೆಯುವ ಹಾಗೇ ಇಲ್ಲ. ಹತ್ತಿರ ಹೋಗಬೇಕಾದರೆ ಆ ಜಾಬ್‌ಗಳನ್ನೆಲ್ಲ ದಾಟಬೇಕು. ಅವನ ತಲೆ ಒಂದು ಕ್ಷಣವೂ ಒಂದೇ ಜಾಗದಲ್ಲಿ ಇರುವುದಿಲ್ಲ, ತಗ್ಗಿದಾಗಲೂ ಕಣ್ಣು ಎದುರಾಳಿಯ ಮೇಲೇ, ಪಕ್ಕಕ್ಕೆ ಎದ್ದಾಗ ಹುಕ್ ಹೊಡೆಯಲು ಕಾಲು ಆಗಲೇ ಸಿದ್ಧ. ಇದನ್ನು ಕಲಿಸಿದವರು ಕಸ್ ಡಿ'ಅಮಾಟೊ. ಕ್ಯಾಟ್‌ಸ್ಕಿಲ್ ಎನ್ನುವ ಸಣ್ಣ ಊರಿನಲ್ಲಿ, ಪೊಲೀಸ್ ಠಾಣೆಯ ಮೇಲಿನ ಜಿಮ್‌ನಲ್ಲಿ, ಹುಡುಗ ಟೈಸನ್‌ಗೆ ಮೊದಲು ಕಲಿಸಿದ್ದು ಏಟು ತಪ್ಪಿಸಿಕೊಳ್ಳುವುದನ್ನು. ಪ್ರತಿ ಗುದ್ದಿಗೂ ಒಂದು ನಂಬರ್. ಡಿ'ಅಮಾಟೊ 1985ರ ನವೆಂಬರ್‌ನಲ್ಲಿ ತೀರಿಕೊಂಡ ಮೇಲೆ ಶಿಷ್ಯ ಕೆವಿನ್ ರೂನಿ ಕಾರ್ನರ್‌ನಿಂದ ಆ ನಂಬರ್‌ಗಳನ್ನು ಕೂಗುತ್ತಿದ್ದ. ರೂನಿಯನ್ನು 1988ರ ಕೊನೆಯಲ್ಲಿ ತೆಗೆದುಹಾಕಿದರು. ಅಲ್ಲಿಂದ ಮುಂದಿನ ಪಂದ್ಯಗಳಲ್ಲಿ ತಲೆ ಅಲ್ಲಾಡುವುದು ಕಡಿಮೆಯಾಗುತ್ತಾ ಹೋಯಿತು, ಒಂದೊಂದೇ ದೊಡ್ಡ ಗುದ್ದಿಗೆ ಕಾಯುವುದು ಶುರುವಾಯಿತು. 'ಪ್ರೈಮ್' ಎಂದರೆ ನಗುತ್ತಾರೆ, ನಗಲಿ. ವಯಸ್ಸಿನ ಲೆಕ್ಕ ಹಾಕಿದರೆ ನಗು ಬರುತ್ತದೆ. ತಲೆ ಅಲ್ಲಾಡುವುದನ್ನು ನೋಡಿದರೆ ಬರುವುದಿಲ್ಲ.

ಜನ ಅವನನ್ನು ಮೆಚ್ಚಿದ್ದು ರೋಷಕ್ಕೆ, ಕಪ್ಪು ಚಡ್ಡಿಗೆ, ಸಾಕ್ಸ್ ಇಲ್ಲದ ಬೂಟಿಗೆ. ಅದಕ್ಕೆ ಸಿಕ್ಕ ಹೆಸರು ಜಾಸ್ತಿ ಎಂದರೆ ಬೇಕಾದರೆ ತೆಗೆದುಕೊಳ್ಳಿ, ನಾನು ಅಡ್ಡ ಬರಲ್ಲ. ಈ ಡಿಫೆನ್ಸ್‌ಗೆ ಸಿಗಬೇಕಾದ ಹೆಸರು ಇನ್ನೂ ಬಂದೇ ಇಲ್ಲ.

ಡಗ್ಲಸ್ ಪಂದ್ಯದ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಸೋತ, ಸರಿಯಾಗಿಯೇ ಸೋತ. ಹೋಲಿಫೀಲ್ಡ್ ಮೊದಲ ಪಂದ್ಯದಲ್ಲಿ ತಲೆಯಿಂದ ಗುದ್ದಿದ್ದನ್ನೂ ಬರೆಯಬಹುದಿತ್ತು, ಆದರೆ ಕಿವಿ ಕಚ್ಚಿದವನ ಪರ ನಿಂತು ಅದನ್ನು ದೂರುವುದು ಚೆನ್ನಾಗಿರಲ್ಲ. ಇಷ್ಟಕ್ಕೂ, ಹೆಸರು ಜಾಸ್ತಿಯಾದ ಹೆವಿವೇಟ್ ಯಾರು ಎಂದು ಹುಡುಕಲು ಹೊರಟರೆ ಟೈಸನ್‌ವರೆಗೆ ಹೋಗುವುದು ಯಾಕೆ? ಒಂದು ಬಲಗೈ ಇಟ್ಟುಕೊಂಡು ಹತ್ತು ಸಲ ಬೆಲ್ಟ್ ಉಳಿಸಿಕೊಂಡ ಡಿಯಾಂಟೆ ವೈಲ್ಡರ್ ಇದ್ದಾನೆ. ಟೈಸನ್ ಫ್ಯೂರಿ (ಇವನು ಬೇರೆ ಬಾಕ್ಸರ್) ಬಂದು 2020ರಲ್ಲಿ, ಆಮೇಲೆ 2021ರಲ್ಲಿ ಆ ಲೆಕ್ಕ ಚುಕ್ತಾ ಮಾಡಿದ. ಈ ಪ್ರಶ್ನೆ ವೈಲ್ಡರ್ ಬಗ್ಗೆ ಇದ್ದಿದ್ದರೆ ನಾನು ಆ ಕಡೆಯನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದೆ.