ಮೈಸೂರಿಗಿಂತ ಗಿಡ್ಡ ಬೆಟ್ಟ

“612 ಮೀಟರ್ರಾ? ನಮ್ಮ ಮೈಸೂರಿನ ಮನೆ ಅಂಗಳವೇ ಸಮುದ್ರಮಟ್ಟದಿಂದ 760 ಮೀಟರ್ ಮೇಲಿದೆ ಕಣೇ!”

ಸ್ಕಾಟ್ಲೆಂಡಿನ ಸ್ಟ್ಯಾಕ್ ಪಾಲಿ ಬೆಟ್ಟದ ಬಗ್ಗೆ ನಮ್ಮ ಯಜಮಾನರ ತೀರ್ಪು ಇದು. ಲೆಕ್ಕವೇನೋ ಸರಿ. ಆದರೆ ಮೈಸೂರಿಗೆ ಯಾರೂ ಮಂಗಳೂರಿನ ಸಮುದ್ರದ ದಂಡೆಯಿಂದ ನಡೆದು ಹತ್ತುವುದಿಲ್ಲ, ಅಲ್ವಾ? ಇಲ್ಲಿ ಹೆಚ್ಚುಕಮ್ಮಿ ಅಂಥದ್ದೇ ಪಾಡು. ಉಲ್ಲಾಪುಲ್ ದಾಟಿ, ಸರೋವರದ ಪಕ್ಕ ಕಾರು ನಿಲ್ಲಿಸಿದರೆ ಬೆಟ್ಟ ನೆಟ್ಟಗೆ ತಲೆಯ ಮೇಲೆ.

ಕಾರಿನ ಬಾಗಿಲು ತೆಗೆದೆವು. ಅಲ್ಲಿದ್ದವರೆಲ್ಲ ತಲೆಗೆ ಬಲೆ ಹಾಕಿಕೊಂಡು ನಿಂತಿದ್ದರು. ಜೇನು ಕೀಳೋರಾ ಅಂದುಕೊಂಡೆ. ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಮಿಡ್ಜ್ ಅಂತ ಒಂದು ನೊರಜು. ಕಣ್ಣಿಗೆ ಸರಿಯಾಗಿ ಕಾಣದು, ಕಚ್ಚಿದರೆ ಮಾತ್ರ ಅಪ್ಪಟ ಸೊಳ್ಳೆ. ಯಜಮಾನರು ತಮ್ಮ ಕೆನ್ನೆಗೆ ತಾವೇ ಪಟಪಟ ಬಾರಿಸಿಕೊಳ್ಳತೊಡಗಿದರು. ನನಗೆ ನೋಡಲು ಹಿತವಾಗಿಯೇ ಇತ್ತು.

ದಾರಿಗೆ ಕಲ್ಲು ಹಾಸಿದ್ದಾರೆ, ಮೆಟ್ಟಿಲಿನ ಹಾಗೆ. ಚಾಮುಂಡಿ ಬೆಟ್ಟದ ಅಭ್ಯಾಸ ನೋಡಿ, ಎಣಿಸುತ್ತಾ ಹೊರಟೆ. ಇನ್ನೂರಕ್ಕೆ ಉಸಿರೂ ಲೆಕ್ಕವೂ ತಪ್ಪಿದವು. ಕೂತು ಸುಧಾರಿಸಿಕೊಳ್ಳೋಣ ಅಂದರೆ ನಡುವೆ ನಂದಿಯಿಲ್ಲ, ಮಜ್ಜಿಗೆ ಮಾರುವವರಿಲ್ಲ.

ಬೆಟ್ಟದ ಹಿಂಬದಿಗೆ ಸುತ್ತಿ ಹತ್ತಿ, ಎರಡು ತುದಿಗಳ ನಡುವಿನ ತಗ್ಗಿಗೆ ಬಂದೆವು. ಅಬ್ಬಾ! ಕೆಂಪು ಮರಳುಗಲ್ಲು ಸವೆದು ಸವೆದು, ಉದ್ದಕ್ಕೂ ಹುತ್ತಗಳು ಎದ್ದು ನಿಂತ ಹಾಗಿದೆ. ಪಶ್ಚಿಮಕ್ಕೆ ಸಮುದ್ರ, ಅದರಲ್ಲಿ ಚೆಲ್ಲಿದಂತೆ ಸಮ್ಮರ್ ಐಲ್ಸ್ ದ್ವೀಪಗಳು. ನಾನು ನೋಡಿದ್ದು ಇಷ್ಟೇ. ಅಷ್ಟರಲ್ಲಿ ಗಾಳಿ ನನ್ನ ಹೊಸ ರೇನ್‌ಕೋಟನ್ನು ಎತ್ತಿ ಮುಖಕ್ಕೇ ಮುಚ್ಚಿತು. ಗಾಳಿಗೆ ನೊರಜು ನಿಲ್ಲುವುದಿಲ್ಲ, ಅದೊಂದು ಪುಣ್ಯ. ಚಿತ್ರಾನ್ನವೂ ನಿಲ್ಲುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದಿದ್ದೇ ತಡ, ಅನ್ನವೆಲ್ಲ ಅರಿಶಿನದ ಮಳೆಯಾಗಿ ಉತ್ತರದ ಸೂಲ್ವೆನ್ ಬೆಟ್ಟದ ಕಡೆ ಹೊರಟಿತು. ತಳದಲ್ಲಿ ಉಳಿದದ್ದು ಎರಡು ಕಡಲೆಬೀಜ, ಒಂದು ಒಣಮೆಣಸಿನಕಾಯಿ.

ನಿಜವಾದ ತುದಿ ಇರುವುದು ಪಶ್ಚಿಮದ ಕೊನೆಯಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಒಂದು ಬಂಡೆ ಅಡ್ಡ. ಕೈಕಾಲು ಎರಡೂ ಊರಿ ಹತ್ತಬೇಕು, ಕೆಳಗೆ ನೋಡಬಾರದು. ಅದನ್ನು ಇಲ್ಲಿ ‘ಬ್ಯಾಡ್ ಸ್ಟೆಪ್’ ಅಂತಲೇ ಕರೀತಾರೆ. ಯಜಮಾನರು ಒಂದು ಕಾಲು ಇಟ್ಟರು. ಕೆಳಗೆ ನೋಡಿದರು. ಕಾಲು ವಾಪಸ್ ತೆಗೆದರು.

“ನಿಂಗೆ ಸುಸ್ತಾಗಿದೆ, ಪಾಪ. ಇಳಿಯೋಣ” ಎಂದರು ನನಗೆ.

ರಾತ್ರಿ ಮೈಸೂರಿನಿಂದ ಅತ್ತೆಯ ವಿಡಿಯೋ ಕಾಲ್.

“ಬೆಟ್ಟ ಹತ್ತಿದ್ರೇನೋ?”

“ಅದೇನಮ್ಮಾ, ನಮ್ಮನೆಗಿಂತ ಗಿಡ್ಡ!”

ಅತ್ತೆ ಕನ್ನಡಕ ಸರಿಮಾಡಿಕೊಂಡು ಫೋನನ್ನು ಹತ್ತಿರ ಹಿಡಿದರು.

“ಮತ್ತೆ ಮುಖ ಯಾಕೋ ಹಾಗೆ ಊದ್ಕೊಂಡಿದೆ? ಅವಳೇನಾದ್ರೂ ಹೊಡೆದಳಾ?”