ಮಷಿನ್ ಬರುವ ಮೊದಲು ಆ ಎಕ್ಸೆಲ್ ಶೀಟ್ ಬದಲಾಗಲಿ

ಕಂಪನಿಗೆ ಬಂದ ಬಿಲ್ಲುಗಳನ್ನು ನೋಡಿ ಹಣ ಕೊಡುವ ಅಕೌಂಟ್ಸ್ ಪೇಯಬಲ್ (ಎಪಿ) ಟೀಮುಗಳಲ್ಲಿ ಒಂದು ಎಕ್ಸೆಲ್ ಶೀಟ್ ಇರುತ್ತದೆ. ಇವತ್ತು ಯಾರು ಎಷ್ಟು ಬಿಲ್ ಎಂಟ್ರಿ ಮಾಡಿದರು ಅನ್ನುವ ಲೆಕ್ಕ. ಒಂದು ಕಾಲಮ್ಮಿನಲ್ಲಿ ಹೆಸರು, ಪಕ್ಕದಲ್ಲಿ ಸಂಖ್ಯೆ. ಈ ಬಿಲ್ ಕೆಲಸಕ್ಕೆ ಎಐ ತರುವ ಕಂಪನಿಗಳು ಲೈಸೆನ್ಸಿಗೆ, ಕನ್ಸಲ್ಟೆಂಟಿಗೆ, ಟ್ರೈನಿಂಗಿಗೆ ಎಲ್ಲಕ್ಕೂ ದುಡ್ಡು ತೆಗೆದಿಡುತ್ತವೆ. ಈ ಶೀಟನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ನಾನು ನೋಡಿದ ಮಟ್ಟಿಗೆ ಜಗಳ, ಅಸಮಾಧಾನ ಎಲ್ಲ ಶುರುವಾಗುವುದು ಅಲ್ಲಿಂದಲೇ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪನಿಗೆ ಸಾಮಾನು ಕೊಟ್ಟವರು, ಅಂದರೆ ವೆಂಡರ್, ಬಿಲ್ ಕಳಿಸುತ್ತಾರೆ. ನಾವು ಕೊಟ್ಟ ಪರ್ಚೇಸ್ ಆರ್ಡರ್ (ಪಿಒ), ಸಾಮಾನು ಬಂದಿದೆ ಅಂತ ಸ್ಟೋರ್‌ನವರು ಹಾಕಿದ ಜಿಆರ್‌ಎನ್, ಬಂದಿರುವ ಬಿಲ್ ಈ ಮೂರೂ ತಾಳೆಯಾಗಬೇಕು. ಇದಕ್ಕೆ ಥ್ರೀ ವೇ ಮ್ಯಾಚ್ ಅನ್ನುತ್ತಾರೆ. ತಾಳೆಯಾದರೆ ಪೇಮೆಂಟ್, ಇಲ್ಲದಿದ್ದರೆ ಹೋಲ್ಡ್. ಹೋಲ್ಡ್ ಆದ ಬಿಲ್ಲಿನ ಹಿಂದೆ ಓಡಾಡುವುದೇ ಎಪಿ ಟೀಮಿನ ನಿಜವಾದ ಕೆಲಸ. ಹೊರಗಿನವರಿಗೆ ಕಾಣುವುದು ಮಾತ್ರ ಬರೀ ಟೈಪಿಂಗ್.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಸುಮ್ನೆ ಉದಾಹರಣೆಗೆ ಅಂತ ಇಟ್ಟುಕೊಳ್ಳಿ. ಒಬ್ಬರು ದಿನಕ್ಕೆ 100 ಬಿಲ್ ನೋಡುತ್ತಾರೆ. ಅದರಲ್ಲಿ 80 ಸಲೀಸಾದವು, ತಲಾ 2 ನಿಮಿಷ. ಒಟ್ಟು 160 ನಿಮಿಷ. ಉಳಿದ 20 ತಲೆನೋವಿನವು, ತಲಾ 12 ನಿಮಿಷ. ಒಟ್ಟು 240 ನಿಮಿಷ. ಎರಡೂ ಸೇರಿ ದಿನಕ್ಕೆ 400 ನಿಮಿಷದ ಕೆಲಸ. ಎಐ ಬಂತು, ಸಲೀಸಾದ 80ನ್ನೂ ತಾನೇ ಮುಗಿಸಿತು. ಮಾರಿದವರು '80 ಪರ್ಸೆಂಟ್ ಆಟೊಮೇಷನ್' ಅಂತ ಸ್ಲೈಡ್ ತೋರಿಸುತ್ತಾರೆ. ಅದು ಸುಳ್ಳೇನಲ್ಲ. ಆದರೆ ಉಳಿತಾಯವಾದ ಸಮಯ 400ರಲ್ಲಿ 160, ಅಂದರೆ 40 ಪರ್ಸೆಂಟ್ ಮಾತ್ರ. ಐದು ಜನರ ಟೀಮ್ ಇದ್ದರೆ ಇನ್ನೂ ಮೂರು ಜನರ ಕೆಲಸ ಬಾಕಿ ಇದೆ. ಸ್ಲೈಡ್ ನೋಡಿದ ಮೇಲಿನವರು ಮಾತ್ರ ಒಬ್ಬರು ಸಾಕು ಅಂದುಕೊಂಡಿರುತ್ತಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಟೀಮ್ ಮೂರು ಜನಕ್ಕೆ ಇಳಿಯಿತು ಅಂತ ಇಟ್ಟುಕೊಂಡರೂ, ಈಗ ಅದೇ ಮನುಷ್ಯ ಇಡೀ ದಿನ ತಲೆನೋವಿನ ಬಿಲ್ಲುಗಳನ್ನೇ ನೋಡುತ್ತಾನೆ. 400 ನಿಮಿಷಕ್ಕೆ 33 ಬಿಲ್. ಹಳೆಯ ಎಕ್ಸೆಲ್ ಶೀಟಿನಲ್ಲಿ ಅವನ ಹೆಸರಿನ ಮುಂದೆ 100 ಇದ್ದದ್ದು 33 ಆಗಿದೆ. ಮೊದಲಿಗಿಂತ ಕಷ್ಟದ ಕೆಲಸ ಮಾಡುತ್ತಿದ್ದಾನೆ, ಮೊದಲಿಗಿಂತ ಜಾಸ್ತಿ ಬೈಸಿಕೊಳ್ಳುತ್ತಾನೆ. 'ಮಷಿನ್ ಕೊಟ್ಟ ಮೇಲೂ ಇಷ್ಟೇನಾ?' ಅನ್ನುವ ಪ್ರಶ್ನೆ ಬರುತ್ತದೆ. ಇಂಥ ಕಡೆ ಜನ ಎಐಯನ್ನು ದ್ವೇಷಿಸಿದರೆ 'ಬದಲಾವಣೆಗೆ ವಿರೋಧ' ಅಂತ ಹಣೆಪಟ್ಟಿ ಹಚ್ಚುವುದು ಅನ್ಯಾಯ ಅಲ್ವಾ?

ಸಲೀಸಾದ ಬಿಲ್ಲುಗಳು ಉಸಿರಾಡಲು ಬಿಡುವು ಕೊಡುತ್ತಿದ್ದವು ಅನ್ನುವುದನ್ನು ಯಾವ ಪ್ರಾಜೆಕ್ಟ್ ಪ್ಲಾನಿನಲ್ಲೂ ನಾನು ಓದಿಲ್ಲ. ವೆಂಡರ್ ಜೊತೆ ಅರ್ಧ ಗಂಟೆ ವಾದ ಮಾಡಿದ ಮೇಲೆ ಹತ್ತು ಸಣ್ಣ ಬಿಲ್ ಪಟಪಟ ಅಂತ ಮುಗಿಸಿದರೆ ಮನಸ್ಸು ಹಗುರ ಆಗುತ್ತಿತ್ತು. ಹೊಸಬರು ಕೆಲಸ ಕಲಿಯುತ್ತಿದ್ದದ್ದೂ ಅವುಗಳಲ್ಲೇ. ಸರಿಯಾದ ಬಿಲ್ ಸಾವಿರ ಸಲ ನೋಡಿದವರ ಕಣ್ಣಿಗೆ ತಪ್ಪಾದದ್ದು ತಾನಾಗಿ ಚುಚ್ಚುತ್ತದೆ. 1983ರಲ್ಲೇ ಲಿಸಾನ್ ಬೈನ್‌ಬ್ರಿಜ್ ಅನ್ನುವ ಮನಶ್ಶಾಸ್ತ್ರಜ್ಞೆ ಕಾರ್ಖಾನೆಗಳ ಯಂತ್ರೀಕರಣದ ಬಗ್ಗೆ ಬರೆಯುತ್ತಾ ಇದನ್ನೇ ತೋರಿಸಿದ್ದರು. ಸುಲಭದ ಕೆಲಸವನ್ನು ಯಂತ್ರ ತೆಗೆದುಕೊಳ್ಳುತ್ತದೆ, ಕಷ್ಟದ್ದು ಮನುಷ್ಯನ ಪಾಲಿಗೆ ಬರುತ್ತದೆ, ಆ ಕಷ್ಟದ್ದನ್ನು ಮಾಡಲು ಬೇಕಾದ ಅಭ್ಯಾಸ ಮಾತ್ರ ತಪ್ಪಿಹೋಗಿರುತ್ತದೆ. ನನ್ನ ಪ್ರಕಾರ, ಹೊಸದಾಗಿ ಸೇರಿದವರಿಗೆ ಮೊದಲ ಕೆಲವು ತಿಂಗಳು ಸಲೀಸಾದ ಬಿಲ್ಲುಗಳಲ್ಲಿ ಒಂದು ಪಾಲನ್ನು ಕೈಯಲ್ಲೇ ಮಾಡಲು ಬಿಡಬೇಕು. ದುಡ್ಡು ದಂಡ ಅನ್ನುತ್ತೀರಾ? ಟ್ರೈನಿಂಗ್ ಖರ್ಚು ಅಂತ ಬರೆದುಕೊಳ್ಳಿ.

ಇನ್ನು ಕೆಲಸ ಹೋಗುವ ವಿಷಯ. ದೊಡ್ಡ ಮೀಟಿಂಗಿನಲ್ಲಿ ಮೈಕ್ ಹಿಡಿದು 'ಯಾರ ಕೆಲಸವೂ ಹೋಗುವುದಿಲ್ಲ, ನಿಮಗೆಲ್ಲ ಇನ್ನೂ ಒಳ್ಳೆಯ ಕೆಲಸ ಸಿಗುತ್ತದೆ' ಅಂತ ಹೇಳುತ್ತಾರೆ. ಕೂತವರೆಲ್ಲ ತಲೆ ಆಡಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಲಿಂಕ್ಡ್‌ಇನ್ ಪ್ರೊಫೈಲ್ ಹೊಸ ಫೋಟೋ ಸಮೇತ ರೆಡಿ. ಯಾರೂ ನಂಬದ ಮಾತನ್ನು ಯಾಕಾದರೂ ಹೇಳಬೇಕು? ಹೇಳಲು ಸಾಧ್ಯವಿರುವುದನ್ನು ಹೇಳಲಿ. ಮುಂದಿನ ಒಂದು ವರ್ಷ ಯಾರನ್ನೂ ತೆಗೆಯುವುದಿಲ್ಲ, ಬಿಟ್ಟು ಹೋದವರ ಜಾಗ ತುಂಬುವುದಿಲ್ಲ, ಆಮೇಲಿನದನ್ನು ಇಂಥ ತಿಂಗಳಲ್ಲಿ ತೀರ್ಮಾನ ಮಾಡುತ್ತೇವೆ ಅಂತ. ಅಷ್ಟೂ ಹೇಳಲಾಗದಿದ್ದರೆ, ಜನ ಕಡಿಮೆ ಮಾಡುವುದೇ ಗುರಿಯಾಗಿದ್ದರೆ, ಅದನ್ನೂ ಮೊದಲೇ ಬಾಯಿ ಬಿಟ್ಟು ಹೇಳಲಿ. ಕಾಂಟ್ರ್ಯಾಕ್ಟ್ ಮೇಲೆ ಇರುವವರನ್ನು ಸದ್ದಿಲ್ಲದೆ ಕಳಿಸಿ 'ನಾವು ಯಾರನ್ನೂ ತೆಗೆದಿಲ್ಲ' ಅನ್ನುವ ಜಾಣತನ ಬೇಡ. ಪಕ್ಕದ ಸೀಟು ಖಾಲಿಯಾದದ್ದು ಎಲ್ಲರಿಗೂ ಕಾಣುತ್ತದೆ.

ಇದು ಬರೀ ಒಳ್ಳೆಯತನದ ಪ್ರಶ್ನೆ ಅಂತ ನಾನು ಹೇಳುತ್ತಿಲ್ಲ. ಎಐ ಸರಿಯಾಗಿ ಕೆಲಸ ಮಾಡಬೇಕಾದರೆ ಈ ಜನರ ತಲೆಯಲ್ಲಿರುವುದು ಹೊರಗೆ ಬರಬೇಕು. ಒಬ್ಬ ವೆಂಡರ್ ಸಾಗಾಣಿಕೆ ಖರ್ಚಿಗೆ ಬೇರೆ ಬಿಲ್ ಕಳಿಸುತ್ತಾನೆ, ಅದೇ ನಂಬರಿನ ಕೊನೆಗೆ ಒಂದು 'ಎ' ಸೇರಿಸಿ. ಅದು ಡೂಪ್ಲಿಕೇಟ್ ಅಲ್ಲ. ಇನ್ನೊಬ್ಬರ ಬಿಲ್ಲಿನಲ್ಲಿ ರೇಟು ಬಾಕ್ಸಿಗೆ, ನಮ್ಮ ಪಿಒನಲ್ಲಿ ಪೀಸಿಗೆ. ಒಂದು ಸೈಟಿನವರು ಫೋನ್ ಮಾಡುವ ತನಕ ಜಿಆರ್‌ಎನ್ ಹಾಕುವುದಿಲ್ಲ. ಎರಡು ವೆಂಡರ್ ಹೆಸರು ಹೆಚ್ಚುಕಡಿಮೆ ಒಂದೇ, ಯಾಕೆಂದರೆ ಅಣ್ಣ ತಮ್ಮ ಬೇರೆಯಾಗಿ ಎರಡು ಕಂಪನಿ ಮಾಡಿಕೊಂಡಿದ್ದಾರೆ. ಇದು ಯಾವ ಮ್ಯಾನುಯಲ್‌ನಲ್ಲೂ ಇಲ್ಲ. ನಾಳೆ ತನ್ನ ಕುರ್ಚಿ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಮನುಷ್ಯ ಇದನ್ನೆಲ್ಲ ಕೂತು ಮಷಿನ್ನಿಗೆ ಯಾಕೆ ಕಲಿಸುತ್ತಾನೆ? ನಾನಾದರೂ ಕಲಿಸುವುದಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗುತ್ತೇನೆ.

ಮಷಿನ್ ತಪ್ಪು ಮಾಡುವ ರೀತಿಯೂ ಬೇರೆ. ಮನುಷ್ಯನಿಗೆ ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತಾನೆ. ಮಷಿನ್ ಡೆಲಿವರಿ ಚಲನ್ ನಂಬರನ್ನೇ ಇನ್‌ವಾಯ್ಸ್ ನಂಬರ್ ಅಂತ ಓದಿ, 97 ಪರ್ಸೆಂಟ್ ಖಾತ್ರಿ ಅಂತ ಹಸಿರು ಬಣ್ಣ ತೋರಿಸಬಲ್ಲದು. ಒಂದು ನಂಬರ್ ತಪ್ಪಾದರೆ ಏನಾಯಿತು ಅನ್ನಬೇಡಿ. ಅದೇ ಬಿಲ್ ಇನ್ನೊಂದು ಸಲ ಮೇಲ್‌ನಲ್ಲಿ ಬಂದಾಗ ಸರಿಯಾದ ನಂಬರ್ ಓದುತ್ತದೆ. ನಂಬರ್ ಬೇರೆ ಆದ್ದರಿಂದ ಡೂಪ್ಲಿಕೇಟ್ ಚೆಕ್ ಹಿಡಿಯುವುದಿಲ್ಲ. ಎರಡು ಸಲ ಪೇಮೆಂಟ್ ಆಗಲು ಇಷ್ಟು ಸಾಕು. ವೆಂಡರ್ ನಮಗೆ ಕೊಡಬೇಕಾದ ಹಣಕ್ಕೆ ಕಳಿಸುವ ಕ್ರೆಡಿಟ್ ನೋಟಿನ ಮೈನಸ್ ಗುರುತು ಬಿಟ್ಟುಹೋದರೆ ಬರಬೇಕಾದ ದುಡ್ಡನ್ನು ನಾವೇ ಕೊಡುತ್ತೇವೆ. 03/04 ಅಂದರೆ ಏಪ್ರಿಲ್ 3 ಅಂತ ಒಂದು ದೇಶದವರು ಬರೆದಿರುತ್ತಾರೆ, ಮಾರ್ಚ್ 4 ಅಂತ ಇನ್ನೊಂದು ದೇಶದವರು.

ಹಾಗಾಗಿ ಮನುಷ್ಯ ಕೊನೆಗೆ ಒಮ್ಮೆ ನೋಡಿ ಅಪ್ರೂವ್ ಮಾಡಲಿ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನೂರಕ್ಕೆ ತೊಂಬತ್ತೈದು ಸಲ ಸರಿ ಇರುವುದನ್ನು ದಿನವಿಡೀ ನೋಡಿ 'ಓಕೆ' ಒತ್ತುತ್ತಾ ಹೋದರೆ ಕಣ್ಣು ಓದುವುದನ್ನು ಬಿಡುತ್ತದೆ, ಬೆರಳು ಮಾತ್ರ ಕೆಲಸ ಮಾಡುತ್ತದೆ. ಅದು ಸೋಮಾರಿತನ ಅಲ್ಲ, ಎಲ್ಲರ ಮೆದುಳೂ ಹಾಗೇ. ಎಲ್ಲವನ್ನೂ ತೋರಿಸುವ ಬದಲು ಕೆಲವನ್ನು ಆರಿಸಿ ಪೂರ್ತಿಯಾಗಿ ನೋಡಲು ಸಮಯ ಕೊಡುವುದು ಮೇಲು. ದೊಡ್ಡ ಮೊತ್ತ, ಹೊಸ ವೆಂಡರ್, ಮೊದಲ ಸಲ ಬಂದ ನಮೂನೆಯ ಬಿಲ್ ಇವುಗಳನ್ನು ಖಂಡಿತ ನೋಡಬೇಕು. ಉಳಿದದ್ದರಲ್ಲಿ ಅಲ್ಲೊಂದು ಇಲ್ಲೊಂದು. ಜೊತೆಗೆ, ಏನೋ ಸರಿ ಇಲ್ಲ ಅನ್ನಿಸಿದರೆ ಪೇಮೆಂಟ್ ರನ್, ಅಂದರೆ ಬಿಲ್ಲುಗಳಿಗೆ ಒಟ್ಟಿಗೆ ಹಣ ಕಳಿಸುವುದನ್ನು, ನಿಲ್ಲಿಸುವ ಅಧಿಕಾರ ಟೀಮಿನ ಅತಿ ಕಿರಿಯರಿಗೂ ಇರಬೇಕು. ನಿಲ್ಲಿಸಿದ್ದು ಅನಗತ್ಯ ಅಂತ ಆಮೇಲೆ ಗೊತ್ತಾದರೂ ಯಾರೂ ಮುಖ ಸಿಂಡರಿಸಬಾರದು.

ಆಡಿಟ್‌ನವರು 'ಈ ಎಂಟ್ರಿ ಯಾರು ಹಾಕಿದ್ದು?' ಅಂತ ಕೇಳೇ ಕೇಳುತ್ತಾರೆ. 'ಸಿಸ್ಟಮ್' ಅನ್ನುವುದು ಉತ್ತರ ಆಗುವುದಿಲ್ಲ. ಮಷಿನ್ ಓದಿದ್ದೇನು, ಮನುಷ್ಯ ತಿದ್ದಿದ್ದೇನು, ಆ ತಿದ್ದುಪಡಿಯಿಂದ ಮಷಿನ್ ಮುಂದೆ ಏನು ಕಲಿಯಿತು, ಮೂರಕ್ಕೂ ದಾಖಲೆ ಇರಬೇಕು. ಕೊನೆಯದು ಮುಖ್ಯ. ಒಬ್ಬರು ಅವಸರದಲ್ಲಿ ತಪ್ಪು ಜಿಎಲ್ ಕೋಡ್ (ಖರ್ಚು ಯಾವ ಲೆಕ್ಕಕ್ಕೆ ಸೇರುತ್ತದೆ ಅನ್ನುವ ಸಂಖ್ಯೆ) ಹಾಕಿದರೆ ಮೊದಲು ಒಂದು ಎಂಟ್ರಿ ಹಾಳಾಗುತ್ತಿತ್ತು. ಈಗ ಅದೇ ಪಾಠವಾಗಿ ನೂರು ಬಿಲ್ಲಿಗೆ ಹರಡಬಹುದು.

ಮೋಸದ ವಿಷಯಕ್ಕೆ ಬಂದರೆ ಎಪಿಯ ಮನುಷ್ಯರ ಬೆಲೆ ಗೊತ್ತಾಗುತ್ತದೆ. 2013ರಿಂದ 2015ರ ನಡುವೆ ಲಿಥುವೇನಿಯಾದ ಒಬ್ಬ ಮನುಷ್ಯ ಗೂಗಲ್ ಮತ್ತು ಫೇಸ್‌ಬುಕ್‌ಗೆ ಸುಳ್ಳು ಬಿಲ್ ಕಳಿಸಿ 12 ಕೋಟಿ ಡಾಲರಿಗೂ ಜಾಸ್ತಿ ಹಣ ತನ್ನ ಖಾತೆಗಳಿಗೆ ಹಾಕಿಸಿಕೊಂಡ.  ಅವರು ನಿಜವಾಗಿ ವ್ಯವಹಾರ ಮಾಡುತ್ತಿದ್ದ ಕಂಪನಿಯ ಹೆಸರನ್ನೇ ಅವನು ಬಳಸಿದ್ದ. 2019ರಲ್ಲಿ ಅವನಿಗೆ 5 ವರ್ಷ ಜೈಲಾಯಿತು. 2024ರಲ್ಲಿ ಹಾಂಕಾಂಗ್‌ನಲ್ಲಿ ಇನ್ನೂ ಮುಂದಕ್ಕೆ ಹೋಯಿತು. ಅರೂಪ್ ಅನ್ನುವ ಎಂಜಿನಿಯರಿಂಗ್ ಕಂಪನಿಯ ಒಬ್ಬ ಉದ್ಯೋಗಿ ವಿಡಿಯೋ ಕಾಲ್‌ನಲ್ಲಿ ತಮ್ಮ ಮೇಲಧಿಕಾರಿಯನ್ನು, ಸಹೋದ್ಯೋಗಿಗಳನ್ನು ನೋಡಿ, ಮಾತಾಡಿ, ಸುಮಾರು 20 ಕೋಟಿ ಹಾಂಕಾಂಗ್ ಡಾಲರ್ ಕಳಿಸಿದರು. ಆ ಮುಖಗಳೆಲ್ಲ ಡೀಪ್‌ಫೇಕ್, ಅಂದರೆ ಎಐಯಿಂದ ಮಾಡಿದ ನಕಲಿ. ಎಐ ನಮ್ಮ ಟೀಮಿಗೆ ಬರುವ ಮೊದಲೇ ಕಳ್ಳರ ಟೀಮಿಗೆ ಬಂದಾಗಿದೆ. ವೆಂಡರ್ ಬ್ಯಾಂಕ್ ಖಾತೆ ಬದಲಾಯಿಸಿ ಅಂತ ಮೇಲ್ ಬಂದರೆ, ಮೇಲ್‌ನಲ್ಲಿರುವ ನಂಬರನ್ನು ಬಿಟ್ಟು, ನಮ್ಮ ಹಳೆಯ ದಾಖಲೆಯ ನಂಬರಿಗೆ ಫೋನ್ ಮಾಡಿ ಕೇಳುವುದು ಇವತ್ತಿಗೂ ಒಳ್ಳೆಯ ಉಪಾಯ. ಆ ಫೋನಿಗೆ ಹತ್ತು ನಿಮಿಷ ಬೇಕು. ನಮ್ಮ ಎಕ್ಸೆಲ್ ಶೀಟಿನಲ್ಲಿ ಆ ಹತ್ತು ನಿಮಿಷಕ್ಕೆ ಸಿಗುವ ಅಂಕ ಸೊನ್ನೆ.

ಪರ್ಚೇಸ್‌ನವರ ಬಗ್ಗೆ ಒಂದು ಮಾತು ಹೇಳದಿದ್ದರೆ ಹೊಟ್ಟೆಯುರಿ ಹೋಗುವುದಿಲ್ಲ. ಹೋಲ್ಡ್ ಆಗುವ ಬಿಲ್ಲುಗಳ ಕಾರಣ ಹುಡುಕಿ ನೋಡಿ. ಪಿಒ ಇಲ್ಲದೆ ಆರ್ಡರ್ ಕೊಟ್ಟಿರುತ್ತಾರೆ, ರೇಟು ಬಾಯಿಮಾತಿನಲ್ಲಿ ಬದಲಾಗಿರುತ್ತದೆ, ಸಾಮಾನು ಬಂದರೂ ಜಿಆರ್‌ಎನ್ ಬಿದ್ದಿರುವುದಿಲ್ಲ. ಹುಟ್ಟಿದ್ದು ಅಲ್ಲಿ, ಬೈಸಿಕೊಳ್ಳುವುದು ಎಪಿ. ಬರೀ ಎಪಿಗೆ ಎಐ ಕೊಟ್ಟರೆ ತೂತು ಬಿದ್ದ ಕೊಡಕ್ಕೆ ಹೊಸ ಮುಚ್ಚಳ ತಂದ ಹಾಗೆ. ಆದರೆ ಎಐಯಿಂದ ಒಂದು ಉಪಕಾರ ಆಗುತ್ತದೆ. ಯಾವ ಇಲಾಖೆಯಿಂದ ಎಷ್ಟು ಬಿಲ್ ಯಾಕೆ ನಿಂತಿವೆ ಅನ್ನುವ ಪಟ್ಟಿ ಒಂದು ಕ್ಲಿಕ್ಕಿಗೆ ಸಿಗುತ್ತದೆ. ಆ ಪಟ್ಟಿ ಪ್ರತಿ ತಿಂಗಳು ಫೈನಾನ್ಸ್ ಮುಖ್ಯಸ್ಥರ ಕೈಯಿಂದ ಪರ್ಚೇಸ್ ಮುಖ್ಯಸ್ಥರ ಕೈಗೆ ಹೋಗಬೇಕು. ಎಪಿಯ ಜೂನಿಯರ್ ಮೇಲ್ ಮಾಡಿದರೆ ಯಾರೂ ತೆರೆದೂ ನೋಡುವುದಿಲ್ಲ.

ಟ್ರೈನಿಂಗ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಸ್ಕ್ರೀನ್ ಹೇಗಿದೆ ಅನ್ನುವುದನ್ನು ಜನ ಎರಡು ದಿನದಲ್ಲಿ ಕಲಿಯುತ್ತಾರೆ. ಒಂದೇ ಕೋರಿಕೆ, ತಿಂಗಳ ಲೆಕ್ಕ ಮುಗಿಸುವ ಮಂತ್ ಎಂಡ್ ಕ್ಲೋಸಿಂಗ್ ಹತ್ತಿರ ಗೋ ಲೈವ್ (ಹೊಸ ಸಿಸ್ಟಮ್ ಶುರು ಮಾಡುವ ದಿನ) ಇಡಬೇಡಿ. ಹಳೆಯದು ಹೊಸದು ಜೊತೆಯಾಗಿ ಓಡುವಾಗ ಕನಿಷ್ಠ ಒಂದು ಕ್ಲೋಸಿಂಗ್ ಆದರೂ ಅದರೊಳಗೆ ಬರಲಿ. ಡೆಮೋಗೆ ಬಂದವರಿಗೆ ಅವರ ಅಂದದ ಸ್ಯಾಂಪಲ್ ಬಿಟ್ಟು ನಿಮ್ಮ ಅತಿ ಕೆಟ್ಟ ಬಿಲ್ಲುಗಳನ್ನೇ ಕೊಡಿ. ಕೈಬರಹದವು, ಓರೆಯಾಗಿ ಸ್ಕ್ಯಾನ್ ಆದವು, ಮೂರು ಪಿಒಗೆ ಸೇರಿ ಬಂದ ಒಂದು ಬಿಲ್. ಆರಿಸಿಕೊಡುವ ಕೆಲಸ ಎಪಿಯವರಿಗೇ ಬಿಡಿ. ತುಂಬಾ ಖುಷಿಯಿಂದ ಮಾಡುತ್ತಾರೆ.

ಇನ್ನು ಆ ಶೀಟಿನಲ್ಲಿ ಏನಿರಬೇಕು? ಎಷ್ಟು ಹೋಲ್ಡ್ ಬಿಡಿಸಿದರು, ಅತಿ ಹಳೆಯ ಹೋಲ್ಡ್ ಎಷ್ಟು ದಿನದ್ದು, ಪೇಮೆಂಟ್ ಹೋಗುವ ಮೊದಲೇ ಹಿಡಿದ ಡೂಪ್ಲಿಕೇಟ್ ಎಷ್ಟು, ಬ್ಯಾಂಕ್ ಖಾತೆ ಬದಲಾವಣೆಗೆ ಮಾಡಿದ ಫೋನ್ ಎಷ್ಟು. ಬೇಗ ಕೊಟ್ಟರೆ ಸಿಗುವ ರಿಯಾಯಿತಿಯೂ ಅಲ್ಲಿ ಬರಲಿ. 30 ದಿನದ ಬಿಲ್ಲನ್ನು 10 ದಿನದೊಳಗೆ ಕಟ್ಟಿದರೆ 2 ಪರ್ಸೆಂಟ್ ಕಡಿಮೆ ಅನ್ನುವ ಷರತ್ತು ಎಷ್ಟೋ ಕಡೆ ಇದೆ. 20 ದಿನ ಮೊದಲು ಕೊಟ್ಟಿದ್ದಕ್ಕೆ 2 ಪರ್ಸೆಂಟ್ ಅಂದರೆ ವರ್ಷದ ಲೆಕ್ಕದಲ್ಲಿ ಸುಮಾರು 37 ಪರ್ಸೆಂಟ್ ಆಯಿತು. ಬಿಲ್ ಹೋಲ್ಡ್‌ನಲ್ಲಿ ಕೊಳೆತು ಅದು ಕೈತಪ್ಪಿದರೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅದಕ್ಕೊಂದು ಕಾಲಮ್ಮೇ ಇಲ್ಲ.

ಹೊಸ ಸಂಖ್ಯೆ ಇಟ್ಟರೂ ಜನ ದಾರಿ ಹುಡುಕುತ್ತಾರೆ, ಅದೂ ಗೊತ್ತು. 'ಮುಗಿಸಿದ ಹೋಲ್ಡ್' ಲೆಕ್ಕ ಶುರು ಮಾಡಿದ ಕೂಡಲೇ ಸ್ವಲ್ಪ ಡೌಟ್ ಬಂದ ಬಿಲ್ಲೆಲ್ಲ ವೆಂಡರಿಗೆ ವಾಪಸ್ ಹೋಗಲು ಶುರುವಾಗುತ್ತದೆ. ಕ್ಯೂ ಖಾಲಿ, ವೆಂಡರ್ ಗರಂ. ಆದ್ದರಿಂದ ವಾಪಸ್ ಕಳಿಸಿದ್ದನ್ನು ಮುಗಿದದ್ದು ಅಂತ ಲೆಕ್ಕ ಹಾಕಬೇಡಿ, ಅದೇ ಬಿಲ್ ಸರಿಯಾಗಿ ಬಂದು ಪೇಮೆಂಟ್ ಆಗುವ ತನಕ ತೆರೆದೇ ಇರಲಿ. ಯಾವ ಕಾಲಮ್ ಇಡಬೇಕು, ಯಾವುದು ಬೇಡ ಅನ್ನುವುದನ್ನು ಎಪಿಯವರ ಜೊತೆ ಕೂತೇ ತೀರ್ಮಾನ ಮಾಡಿ. ಗೋ ಲೈವ್‌ಗೆ ಒಂದು ತಿಂಗಳು ಮೊದಲೇ.