ಸೋತ ತಿಂಗಳೂ ಸಂಬಳ

ಫಿಲಿಪ್ಪೀನ್ಸ್‌ನ ಮನಿಲಾಗೆ ಬಂದ ಹೊಸದರಲ್ಲಿ ನಮ್ಮ ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಒಂದು ಪೂಲ್ ಟೇಬಲ್ ಕಣ್ಣಿಗೆ ಬಿತ್ತು. ಕೋಲಿನಿಂದ ಚೆಂಡು ಹೊಡೆದು ಟೇಬಲ್ಲಿನ ಪಾಕೆಟ್‌ಗೆ ಬೀಳಿಸುವ ಆಟ ಪೂಲ್. ಬಟ್ಟೆಗೆ ಎರಡು ಕಡೆ ತೇಪೆ, ಮೇಲೆ ಒಂದೇ ಟ್ಯೂಬ್‌ಲೈಟ್. ಹವಾಯಿ ಚಪ್ಪಲಿ ಮೆಟ್ಟಿದ ಟ್ರೈಸಿಕಲ್ (ಬೈಕಿಗೆ ಪಕ್ಕದ ಗಾಡಿ ಜೋಡಿಸಿದ ಇಲ್ಲಿಯ ಆಟೋ) ಡ್ರೈವರ್ ಒಬ್ಬ ಗಲ್ಲ ಕೋಲಿಗೆ ತಾಗುವಷ್ಟು ಬಗ್ಗಿ ಗುರಿ ಹಿಡಿದಿದ್ದ. ಟೇಬಲ್ಲಿನ ಅಂಚಿನಲ್ಲಿ ಮಡಚಿಟ್ಟ ನೋಟುಗಳು. ನಾನು ಇಲ್ಲಿ ಕಲಿತ ಮೊದಲ ಮಾತುಗಳಲ್ಲಿ ಒಂದು 'ಪುಸ್ತಾ'. ಅಂದರೆ ಬಾಜಿ.

ನಮ್ಮ ಮನೆಯಲ್ಲಿ ಪೂಲ್ ಪಾರ್ಲರ್ ಅಂದರೆ ಹುಡುಗರು ಪೋಲಿ ಬೀಳುವ ಜಾಗ. ಇಲ್ಲಿ ಅಂಥದೇ ಜಾಗದಲ್ಲಿ ಬೆಳೆದ ಪೂಲ್ ಆಟಗಾರ ಎಫ್ರೆನ್ ರೇಯೆಸ್ ಹೆಸರೆತ್ತಿದರೆ ಅಜ್ಜಿಯರ ಮುಖವೂ ಅರಳುತ್ತದೆ. ಹುಟ್ಟಿದ್ದು 1954ರಲ್ಲಿ, ಪಂಪಾಂಗಾ ಪ್ರಾಂತ್ಯದಲ್ಲಿ. ಚಿಕ್ಕಂದಿನಲ್ಲೇ ಮನಿಲಾಗೆ, ಸಂಬಂಧಿಕರ ಪೂಲ್ ಹಾಲ್‌ಗೆ ಬಂದರು. ಟೇಬಲ್ ಎಟುಕದೆ ಕೋಕ್ ಕೇಸುಗಳನ್ನು ಪೇರಿಸಿ ಅದರ ಮೇಲೆ ನಿಂತು ಆಡುತ್ತಿದ್ದರಂತೆ. ರಾತ್ರಿ ಟೇಬಲ್ಲೇ ಹಾಸಿಗೆ. 'ಬಾತಾ' ಅಂದರೆ ಹುಡುಗ. 70 ದಾಟಿದರೂ ಜನ ಅವರನ್ನು ಕರೆಯುವುದು ಹಾಗೇ.

1985ರಲ್ಲಿ ಅಮೆರಿಕಕ್ಕೆ ಹೋದಾಗ ಸೀಸರ್ ಮೊರಾಲೆಸ್ ಅಂತ ಬೇರೆ ಹೆಸರು ಇಟ್ಟುಕೊಂಡು ಆಡಿದರು. ನಿಜವಾದ ಹೆಸರು ಹೇಳಿದರೆ ಬಾಜಿ ಕಟ್ಟೋರು ಯಾರು? ಆಮೇಲೆ 1994ರ ಪೂಲ್ ಯು.ಎಸ್. ಓಪನ್ ಗೆದ್ದರು. ಅಮೆರಿಕದವರಲ್ಲದ ಆಟಗಾರ ಅದನ್ನು ಗೆದ್ದದ್ದು ಅದೇ ಮೊದಲು. 1995ರಲ್ಲಿ ಅಮೆರಿಕದ ರೀನೋ ಊರಿನ ಟೂರ್ನಿಯಲ್ಲಿ ಅವರು ಹೊಡೆದ ಒಂದು ಹೊಡೆತ ಮಾತ್ರ ನೋಡಿಯೇ ತಿಳಿಯಬೇಕು. ಎದುರಿಗೆ ಅಮೆರಿಕದ ಆಟಗಾರ ಅರ್ಲ್ ಸ್ಟ್ರಿಕ್‌ಲ್ಯಾಂಡ್. ಹೊಡೆಯಬೇಕಾದ ಚೆಂಡು ಬೇರೊಂದರ ಹಿಂದೆ ಅಡಗಿದೆ. ರೇಯೆಸ್ ಬಿಳಿ ಚೆಂಡನ್ನು ಒಂದು ಕುಷನ್‌ಗೆ, ಅಂದರೆ ಟೇಬಲ್ಲಿನ ಒಳ ಅಂಚಿನ ರಬ್ಬರಿಗೆ, ಬಡಿದರು, ಅಲ್ಲಿಂದ ಎದುರಿನ ಕುಷನ್‌ಗೆ, ಅಲ್ಲಿಂದ ಆ ಚೆಂಡಿಗೆ. ಅದು ಸುಮ್ನೆ ಪಾಕೆಟ್‌ಗೆ ಇಳಿಯಿತು. ನಾನು ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇಷ್ಟೆಲ್ಲ ಇದ್ದವರಿಗೆ 2006ರಲ್ಲಿ ರೀನೋದಲ್ಲೇ ಇನ್ನೊಂದು ಟೂರ್ನಿ. ಗೆದ್ದವರಿಗೆ 5 ಲಕ್ಷ ಡಾಲರ್, ಪೂಲ್ ಆಟದಲ್ಲಿ ಅಲ್ಲಿವರೆಗೆ ಕಂಡಿರದ ಮೊತ್ತ. ರೇಯೆಸ್ ಗೆದ್ದರು. ನಡೆಸಿದ ಸಂಸ್ಥೆ ಮುಳುಗಿತು. ಹಣ ಪೂರ್ತಿ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. 2019ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ, 65ನೇ ವಯಸ್ಸಿನಲ್ಲೂ, ಅವರು ಕ್ಯಾರಮ್ ಬಿಲಿಯರ್ಡ್ಸ್ (ಪಾಕೆಟ್ ಇಲ್ಲದ ಟೇಬಲ್ಲಿನ ಆಟ) ಆಡಿ ಕಂಚು ತಂದರು. ಕೋಲು ಹಿಡಿದವನಿಗೆ ನಿವೃತ್ತಿ ಅನ್ನೋದೇ ಇಲ್ಲ, ಪಿಂಚಣಿಯೂ ಇಲ್ಲ.

ಈಗ ನಮ್ಮ ಬೆಂಗಳೂರಿನ ಪಂಕಜ್ ಆಡ್ವಾಣಿ. ಅರವಿಂದ್ ಸವೂರ್ ಅವರ ಹತ್ತಿರ ಕಲಿತರು. ಪೂಲ್ ಜಾತಿಯವೇ ಆದ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್. 2006, 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 2018ರಲ್ಲಿ ಪದ್ಮಭೂಷಣ. ಜೊತೆಗೆ ಒಎನ್‌ಜಿಸಿಯಲ್ಲಿ ನೌಕರಿ. ಎಣ್ಣೆ ತೆಗೆಯೋ ಕಂಪನಿಯಲ್ಲಿ ಆಟಗಾರನಿಗೇನು ಕೆಲಸ ಅಂತ ಹಿಂದೆ ನಾನು ನಕ್ಕಿದ್ದುಂಟು. ರೇಯೆಸ್ ಕಥೆ ತಿಳಿದ ಮೇಲೆ ಆ ನಗು ಹೋಯಿತು. ಬಾಜಿಯ ದುಡ್ಡಿನಲ್ಲಿ ಕಲೆ ಬೆಳೆಯುತ್ತದೆ, ನಿಜ. ಮಕ್ಕಳ ಫೀಸು ಕಟ್ಟುವ ದಿನ ಆ ದುಡ್ಡು ಜೇಬಿನಲ್ಲಿ ಇರುತ್ತೆ ಅನ್ನೋ ಖಾತ್ರಿ ಇಲ್ಲ.

ಆದರೂ ನನಗೆ ಒಂದು ಹೊಟ್ಟೆಕಿಚ್ಚಿದೆ. ಇಲ್ಲಿ ಟೇಬಲ್ ಬೀದಿಗೆ ಮುಖ ಮಾಡಿದೆ. ತರಕಾರಿ ತರಲು ಹೋದವನೂ ಚೀಲ ಕೆಳಗಿಟ್ಟು ಒಂದು ಗೇಮ್ ನೋಡುತ್ತಾನೆ, ಹೊಡೆತ ಹೇಗಿತ್ತು ಅಂತ ತೀರ್ಪನ್ನೂ ಕೊಡುತ್ತಾನೆ. ನಮ್ಮಲ್ಲಿ ಟೇಬಲ್ ಜಾಸ್ತಿ ಇರೋದು ಬಾಗಿಲಿನ ಹಿಂದೆ, ಏಸಿ ಕೋಣೆಯಲ್ಲಿ. ಅಲ್ಲಿಗೆ ಆಟೋ ಓಡಿಸುವವರ ಮಗ ಹೇಗೆ ಹೋಗಬೇಕು?

ಮೊನ್ನೆ ಅದೇ ಡ್ರೈವರ್ ಕೇಳಿದ, "ನಿಮ್ಮೂರಲ್ಲಿ ಆಡಿ ಗೆದ್ದರೆ ಎಷ್ಟು ಸಿಗುತ್ತೆ, ಸರ್?"

"ದೊಡ್ಡ ಆಟಗಾರರಿಗೆ ಸರ್ಕಾರಿ ಕಂಪನಿಯಲ್ಲಿ ತಿಂಗಳ ಸಂಬಳ," ಅಂದೆ.

"ಸೋತ ತಿಂಗಳೂ?"

"ಸೋತ ತಿಂಗಳೂ."

ಅವನು ಕೋಲಿನ ತುದಿಗೆ ಚಾಕ್ ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕು, ಅಂಚಿನ ಮೇಲೆ ಇನ್ನೊಂದು ನೋಟು ಇಟ್ಟ.